ಹತ್ತು ಹೆಜ್ಜೆ ಹಿಂದೆ ನಿಂತು

ಮಾರ್ಚ್ ೪

ಪ್ರೀತಿಯ ಪುಟ್ಟಿ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಅಂದರೆ ನಿನ್ನ ಕಾಗದ ನಿನ್ನೆ ಕೈಸೇರಿತು. ಕಾಗದ ಶುರುಮಾಡಲು ನನ್ನಲ್ಲಿರುವ ಇಂಗ್ಲಿಷ್ ಇಷ್ಟೇ. ಕಾಲೇಜಿಗೆ ಹೋದ ಒಂದೂವರೆ ವರ್ಷದಲ್ಲಿ ನಮ್ಮ ಲೆಕ್ಚರರು ರಜೆಚೀಟಿ, ದೂರು, ಸಂತಾಪಸೂಚನೆ ಈ ಮೂರು ನಮೂನೆಗಳನ್ನು ಮಾತ್ರ ಬರೆಸಿದರು. ಮಗಳಿಗೆ ಬರೆಯುವ ಪಾಠ ಬರುವಷ್ಟರಲ್ಲಿ ನಾನು ಪುಸ್ತಕ ಬಿಟ್ಟು ಬ್ರಶ್ ಹಿಡಿದಾಗಿತ್ತು. ಇದು ರಜೆಚೀಟಿಯ ಹಾಗೆ ಕಂಡರೆ ಹೊಟ್ಟೆಗೆ ಹಾಕಿಕೋ.

ಕಾಗದ ಯಾಕೆ, ಫೋನ್ ಮಾಡಬಾರದೇ ಅಂತ ಕೇಳಿದ್ದೀ. ನಿನ್ನಮ್ಮ ಇದ್ದಾಗ ಫೋನು ಅವಳ ಕೈಯಲ್ಲಿರುತ್ತಿತ್ತು. ಮುಕ್ಕಾಲು ಗಂಟೆ ನಿನ್ನ ಹತ್ತಿರ ಮಾತಾಡಿ, ಇದ್ದಬದ್ದ ಸುದ್ದಿಯನ್ನೆಲ್ಲ ಬಳಿದುಕೊಂಡು, ಕೊನೆಗೆ ನನ್ನ ಕಿವಿಗೆ ಇಡುತ್ತಿದ್ದಳು. ನನಗೆ ಉಳಿಯುತ್ತಿದ್ದದ್ದು 'ಊಟ ಆಯ್ತಾ' ಒಂದೇ. ಅವಳು ಹೋಗಿ ಎರಡು ವರ್ಷವಾಯಿತು, ನಾವಿಬ್ಬರೂ ಫೋನಿನಲ್ಲಿ ಇನ್ನೂ ಆ 'ಊಟ ಆಯ್ತಾ' ದಾಟಿಲ್ಲ. ಕಾಗದದಲ್ಲಾದರೆ ನಾನು ವಾಚಾಳಿ. ಐವತ್ತು ವರ್ಷ ಅಂಗಡಿ ಬೋರ್ಡು ಬರೆದ ಕೈ ಇದು. ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು, ಗೆರೆಯಿಲ್ಲದ ಹಾಳೆಯ ಮೇಲೂ ಸಾಲು ಅಲುಗದ ಹಾಗೆ ಬರೆಯುತ್ತದೆ. ನಿನ್ನ ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗಿದೆ. ಡಾಕ್ಟರಾದವರಿಗೆ ಅದು ಭೂಷಣವಂತೆ, ಕೆಳಗಿನ ಅಂಗಡಿಯ ಟೈಲರ್ ಹೇಳಿದರು.

ಈಗ ವಿಷಯಕ್ಕೆ ಬರುತ್ತೇನೆ. ಎಮರ್ಜೆನ್ಸಿ ವಿಭಾಗ ಬಿಟ್ಟು ಚರ್ಮದ ವಿಭಾಗಕ್ಕೆ ಹೋಗಲು ಅರ್ಜಿ ತುಂಬಿ ಡ್ರಾಯರಿನಲ್ಲಿಟ್ಟಿದ್ದೇನೆ, ಜೂನ್ ಮೂವತ್ತರೊಳಗೆ ಕೊಡಬೇಕು ಅಂತ ಬರೆದಿದ್ದೀ. ದವಡೆ ನೋವು ಅಂತ ಬಂದ ಹೆಂಗಸಿಗೆ ನೀನು ಹಲ್ಲಿನ ಡಾಕ್ಟರ ಚೀಟಿ ಕೊಟ್ಟು ಕಳಿಸಿದ್ದು, ಆಕೆ ಮಾರನೆಯ ದಿನ ಹೃದಯಾಘಾತವಾಗಿ ವಾಪಸು ಬಂದದ್ದು, ಬದುಕಿಕೊಂಡದ್ದು, ಎಲ್ಲವನ್ನೂ ಓದಿದೆ. 'ಅವರು ದವಡೆ ಅಂದ್ರು, ನಾನು ದವಡೇನೇ ನೋಡಿದೆ. ನನಗೆ ಕಣ್ಣಿಲ್ಲ ಅಪ್ಪಾ' ಅಂತ ಬರೆದ ಕಡೆ ಶಾಯಿ ಸ್ವಲ್ಪ ಹರಡಿದೆ. ಅದಕ್ಕೆ ನಾನೇನೂ ಹೇಳುವುದಿಲ್ಲ.

ಕಣ್ಣಿಲ್ಲ ಅಂದೆಯಲ್ಲ, ಅದಕ್ಕೆ ಹೇಳುತ್ತೇನೆ. ಮೂರನೇ ಮಹಡಿಯ ಗೋಡೆಯ ಮೇಲೆ ಸೋಪಿನ ಕಂಪನಿಯ ಬೋರ್ಡು ಬರೆದಾಗ ನಿನಗೆ ಒಂಬತ್ತು ವರ್ಷ. ಸುಣ್ಣದ ಪುಡಿ ಬಳಿದ ದಾರದ ಎಡ ತುದಿ ಕಿಟಕಿಯೊಳಗೆ ನಿಂತ ನಿನ್ನ ಕೈಯಲ್ಲಿ, ಬಲ ತುದಿ ನನ್ನ ಕೈಯಲ್ಲಿ. ನಡುವೆ ಮೀಟಿದರೆ ಟಪ್ ಅಂತ ನೇರ ಗೆರೆ ಬೀಳುತ್ತಿತ್ತು. ಬರೆದು ಮುಗಿಸಿ ಕೆಳಗಿಳಿದರೆ, ನೀನು ರಸ್ತೆಯ ಆಚೆ ಬದಿಯಲ್ಲಿ ನಿಂತು 'ಅಪ್ಪಾ, ಮೂರನೇ ಅಕ್ಷರ ಮಲಗ್ತಿದೆ' ಅಂದೆ. ಮಲಗುತ್ತಲೇ ಇತ್ತು. ನಾನು ನೋಡಿರಲಿಲ್ಲ. ಹತ್ತಿರ ನಿಂತರೆ ಒಂದೊಂದು ಅಕ್ಷರವೂ ಸರಿಯಾಗಿಯೇ ಕಾಣುತ್ತದೆ. ಹತ್ತು ಹೆಜ್ಜೆ ಹಿಂದೆ ನಿಂತರೆ ಮಾತ್ರ ಬೋರ್ಡು ಕಾಣುತ್ತದೆ. ದವಡೆಯ ಹೆಂಗಸಿನ ಮುಂದೆ ನೀನು ತೀರ ಹತ್ತಿರ ನಿಂತಿದ್ದೆ ಅಷ್ಟೇ.

ಒಂದು ಒಪ್ಪಂದ. ಎರಡು ವಾರಕ್ಕೊಮ್ಮೆ ನಿನ್ನಲ್ಲಿಗೆ ಬಂದ ತಲೆಕೆಡಿಸುವ ಕೇಸೊಂದನ್ನು ನನಗೆ ಬರೆ. ಉತ್ತರ ಬರೆಯಬೇಡ. ನಾನು ಬೋರ್ಡು ಬರೆಯುವವನ ಬುದ್ಧಿಯಲ್ಲಿ ಊಹಿಸುತ್ತೇನೆ. ಅಲ್ಲಿಯವರೆಗೆ ಅರ್ಜಿ ಡ್ರಾಯರಿನಲ್ಲೇ ಇರಲಿ. ಬಾರ್ಗೇನ್ ಈಸ್ ಬಾರ್ಗೇನ್.

ಯುವರ್ಸ್ ಒಬಿಡಿಯಂಟ್ಲಿ (ರಜೆಚೀಟಿಯಲ್ಲಿ ಹೀಗೇ ಇರುತ್ತದೆ),
ನಿನ್ನ ಅಪ್ಪ


ಮಾರ್ಚ್ ೨೧

ಪ್ರೀತಿಯ ಪುಟ್ಟಿ,

ನಿನ್ನ ನೀಲಿ ಮನುಷ್ಯ ತಲುಪಿದ. ಮೂರು ಸಲ ಓದಿದೆ, ಟೈಲರಿಗೂ ಓದಿ ಹೇಳಿದೆ. ಇಪ್ಪತ್ತೈದರ ಹುಡುಗ, ಎರಡೂ ಕೈ ಮಣಿಕಟ್ಟಿನವರೆಗೆ ನೀಲಿ. ಉಸಿರಿಗೆ ತೊಂದರೆಯಿಲ್ಲ, ನಾಡಿ ಸರಿಯಿದೆ, ರಕ್ತದಲ್ಲಿ ಆಮ್ಲಜನಕ ನೂರಕ್ಕೆ ತೊಂಬತ್ತೊಂಬತ್ತು. ಹಾಗಿದ್ದೂ ನರ್ಸಮ್ಮ ಮಾಸ್ಕ್ ಹಿಡಿದು ಓಡಿ ಬಂದದ್ದು, ನಾಲ್ಕು ಜನ ಡಾಕ್ಟರು ಮಂಚ ಮುತ್ತಿಕೊಂಡದ್ದು, ಹುಡುಗ 'ನಾನು ಸಾಯ್ತೀನಾ' ಅಂತ ಕೇಳಿದ್ದು ಓದಿ ಟೈಲರ್ ಕತ್ತರಿ ಕೆಳಗಿಟ್ಟರು.

ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಇದು ನನ್ನ ಇಲಾಖೆಯ ಕೇಸು. ಮಣಿಕಟ್ಟಿನಲ್ಲಿ ಗೆರೆ ಎಳೆದ ಹಾಗೆ ನೀಲಿ ನಿಂತಿದೆ ಅಂತ ಬರೆದಿದ್ದೀಯಲ್ಲ. ರೋಗಕ್ಕೆ ಗೆರೆ ಗೊತ್ತಿಲ್ಲ, ಬಣ್ಣಕ್ಕೆ ಗೊತ್ತು. ಮಣಿಕಟ್ಟಿನವರೆಗೆ ಅಂದರೆ ಪ್ಯಾಂಟಿನ ಜೇಬಿನ ಆಳ. ಹುಡುಗ ಹೊಸ ನೀಲಿ ಪ್ಯಾಂಟು ಹಾಕಿಕೊಂಡು, ಬೆವರಿದ ಕೈ ಜೇಬಿನಲ್ಲಿಟ್ಟುಕೊಂಡು ಮೈಲುಗಟ್ಟಲೆ ನಡೆದಿದ್ದಾನೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ನೋಡು. ಹತ್ತಿ ನೀಲಿಯಾದರೆ ಹುಡುಗನನ್ನು ಮನೆಗೆ ಕಳಿಸು, ಪ್ಯಾಂಟನ್ನು ಬಕೆಟ್ಟಿಗೆ ಕಳಿಸು.

ಈ ಕಡೆ ಎಲ್ಲ ಕ್ಷೇಮ. ದಾರದ ಮಾತು ಬರೆದ ಮೇಲೆ ಹಳೆಯ ದಾರದ ಉಂಡೆ ನೋಡಬೇಕು ಅನ್ನಿಸಿ, ಅಟ್ಟದಲ್ಲಿದ್ದ ನಿನ್ನಮ್ಮನ ಟ್ರಂಕು ಇಳಿಸಲು ಹೋದೆ. ಅಟ್ಟದ ಮುಚ್ಚಳ ಕಳಚಿ ತಲೆಯ ಬಲಗಡೆಗೆ ಬಡಿಯಿತು. ನಕ್ಷತ್ರ ಕಂಡವು, ಎಣಿಸಲಿಲ್ಲ. ಹೃದಯಕ್ಕೆ ಅಂತ ದಿನಾ ನುಂಗುವ ಆ ರಕ್ತ ತೆಳು ಮಾಡುವ ಮಾತ್ರೆಯ ಮಹಿಮೆಯೋ ಏನೋ, ಕಿವಿಯವರೆಗೂ ಕಂದಿ, ನಿನ್ನ ಪೇಷೆಂಟಿಗಿಂತ ಒಳ್ಳೆಯ ನೀಲಿ ಬಂತು. ಇದು ಮಾತ್ರ ಒರೆಸಿದರೆ ಹೋಗಲಿಲ್ಲ. ನಾಲ್ಕು ದಿನಕ್ಕೆ ತಾನಾಗಿ ಹಳದಿಗೆ ತಿರುಗಿತು. ಟ್ರಂಕಿನಲ್ಲಿ ದಾರ ಸಿಕ್ಕಿತು. ಅದರ ಸುತ್ತ ನಿನ್ನಮ್ಮ ಹಳೆಯ ಸೀರೆಯ ತುಂಡು ಸುತ್ತಿಟ್ಟಿದ್ದಳು, ಇಲಿ ಕಡಿಯದ ಹಾಗೆ.

ಉತ್ತರಕ್ಕೆ ಕಾಯುವ,
ನಿನ್ನ ಅಪ್ಪ, ಕನ್ಸಲ್ಟಿಂಗ್ ಪೇಂಟರ್


ಏಪ್ರಿಲ್ ೮

ಪ್ರೀತಿಯ ಪುಟ್ಟಿ,

ಹತ್ತಿ ನೀಲಿಯಾಯಿತು ಅಂತ ಓದಿ ನಾನೂ ಟೈಲರೂ ಒಂದೊಂದು ಟೀ ಜಾಸ್ತಿ ಕುಡಿದೆವು. ಆದರೆ ನನ್ನ ಕಾಗದ ಬರುವ ಮೊದಲೇ ನೀನೇ ಹತ್ತಿ ತಂದು ಒರೆಸಿದ್ದೆಯಂತಲ್ಲ. ಮಂಚದ ಕಾಲಬದಿಗೆ ಹಿಂದೆ ಸರಿದು ನೋಡಿದಾಗ ತೊಡೆಯ ಮೇಲೂ ನೀಲಿ ಕಂಡಿತು ಅಂದೆಯಲ್ಲ, ಆ ಮಾತನ್ನು ಟೈಲರಿಗೆ ಎರಡು ಸಲ ಓದಿದೆ. ನಿಮ್ಮ ದೊಡ್ಡ ಡಾಕ್ಟರು ಬಾಯಿಬಿಟ್ಟು ಏನೂ ಹೇಳದೆ ಆ ಹತ್ತಿಯನ್ನು ಎಲ್ಲರಿಗೂ ತೋರಿಸುತ್ತ ನಡೆದರಂತಲ್ಲ. ಕಡಿಮೆ ಮಾತಿನವರು ಹೊಗಳುವುದು ಹೀಗೇ ಇರಬೇಕು.

ಎರಡನೇ ಕೇಸು ನನ್ನಿಂದಾಗಲಿಲ್ಲ. ಬ್ಯಾಂಕಿನ ಮ್ಯಾನೇಜರು ಮೂರು ಸಲ ಎಚ್ಚರ ತಪ್ಪಿದ್ದಾರೆ, ಮೂರು ಸಲವೂ ಕಾರನ್ನು ಹಿಂದಕ್ಕೆ ತೆಗೆಯುವಾಗ. ಹೃದಯ ಸರಿ, ಮಿದುಳು ಸರಿ, ಸಕ್ಕರೆ ಸರಿ. ಭಾನುವಾರ ತೆಗೆದರೆ ಏನೂ ಆಗುವುದಿಲ್ಲ. ನಾನು ಪೆಟ್ರೋಲ್ ವಾಸನೆ ಅಂದೆ. ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ, 'ಆಸಾಮಿ ಈಚೆಗೆ ದಪ್ಪ ಆಗಿದಾನಾ, ಕೇಳಿ ನಿಮ್ಮ ಮಗಳನ್ನ' ಅಂದರು.

'ಆಗಿದಾನಂತೆ, ಬರೆದಿದಾಳೆ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?'

'ಹದಿನಾರೂವರೆ ಕಾಲರ್ ಬೇಕಾದವನು ಹದಿನೈದು ಹಾಕ್ತಿದಾನೆ. ಮೇಲೆ ಟೈ ಬೇರೆ ಬಿಗಿದಿರ್ತಾನೆ. ಕತ್ತು ಹಿಂದಕ್ಕೆ ತಿರುಗಿಸಿದ್ರೆ ಕಾಲರ್ ಹೋಗಿ ಕತ್ತಿನ ನರ ಒತ್ತುತ್ತೆ. ನನ್ನ ಗಿರಾಕಿ ಒಬ್ಬ ಟ್ರಯಲ್ ನೋಡ್ತಾ ಕನ್ನಡಿ ಮುಂದೇನೇ ಕುಸಿದಿದಾನೆ ಪೇಂಟ್ರೇ. ಭಾನುವಾರ ಬನಿಯನ್ನಲ್ಲಿ ಇರ್ತಾನೆ, ಅದಕ್ಕೇ ಏನೂ ಆಗಲ್ಲ.'

ಇದು ಸರಿಯೋ ತಪ್ಪೋ ಬರೆ. ಸರಿಯಾದರೆ ಟೈಲರನ್ನು ಹಿಡಿಯುವವರಿಲ್ಲ. ಈಗಲೇ ಗಿರಾಕಿಗಳ ಅಳತೆ ತೆಗೆಯುವಾಗ ಡಾಕ್ಟರ ಹಾಗೆ 'ನಾಲಿಗೆ ಚಾಚಿ' ಅನ್ನುತ್ತಿದ್ದಾರೆ.

ನನಗೆ ಈಚೆಗೆ ಒಂದು ತಮಾಷೆ. ನಡೆಯುತ್ತ ನಡೆಯುತ್ತ ಎಡಗಾಲಿನ ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದೇ ತಿಳಿಯುವುದಿಲ್ಲ. ನಿನ್ನೆ ಒಂಟಿ ಚಪ್ಪಲಿಯಲ್ಲಿ ಅಂಚೆ ಕಚೇರಿ ಸೇರಿದೆ. ಅಲ್ಲಿನ ಗುಮಾಸ್ತೆ ನನ್ನ ಕಾಲನ್ನು ನೋಡಿದಳು, ನಾನು ಅವಳ ಗೋಡೆಯ ಬೋರ್ಡನ್ನು ನೋಡಿದೆ, ಇಬ್ಬರೂ ಮರ್ಯಾದಸ್ಥರಾದ್ದರಿಂದ ಏನೂ ಹೇಳಲಿಲ್ಲ. ಚಪ್ಪಲಿ ಸಡಿಲವಾಗಿದೆ, ಬೇರೆ ಕೊಳ್ಳಬೇಕು.

ಸೋತರೂ ಗೆದ್ದವನಷ್ಟೇ ಖುಷಿಯಲ್ಲಿರುವ,
ಅಪ್ಪ


ಏಪ್ರಿಲ್ ೨೬

ಪುಟ್ಟಿ,

ಕಾಗದ ತಡವಾಯಿತು. ಕಾಲರ್ ಸರಿ ಅಂತ ಬರೆದಿದ್ದೀ, ಟೈಲರ್ ಆ ಹಾಳೆಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾರೆ.

ಮೂರನೇ ಕೇಸು ಅರ್ಥವೇ ಆಗಲಿಲ್ಲ. ನಿನ್ನ ಬರವಣಿಗೆ ಹದಗೆಟ್ಟಿದೆ ಪುಟ್ಟಿ. ವಾಕ್ಯಗಳೆಲ್ಲ ಮಧ್ಯದಿಂದಲೇ ಶುರುವಾಗುತ್ತವೆ. ಯಾರಿಗೆ ಏನಾಯಿತು ಅಂತ ಹೇಳದೆ 'ಅಂತ ಬಂದರು', 'ಆಮೇಲೆ ಊದಿತು' ಅಂತ ಬರೆದರೆ ನಾನು ಏನು ಊಹಿಸಲಿ? ಡ್ಯೂಟಿ ಜಾಸ್ತಿಯಿದ್ದರೆ ನಿದ್ದೆ ಮಾಡಿ ಆಮೇಲೆ ಬರೆ.

ಟೈಲರಿಗೆ ಹೊಸ ಬೋರ್ಡು ಬರೆದುಕೊಟ್ಟೆ. ನೇತುಹಾಕಿದ ಮೇಲೆ ಅವರು ಬಹಳ ಹೊತ್ತು ನೋಡಿ, 'ಎಲ್ಲಾ ಅಕ್ಷರಾನೂ ಬಲಗಡೆ ಬಂದು ಬಸ್ಸಿಗೆ ಕಾಯ್ತಿವೆ. ಎಡಗಡೆ ಅರ್ಧ ಬೋರ್ಡು ಯಾರಿಗೆ ಬಿಟ್ರಿ?' ಅಂದರು. ಮಾಡರ್ನ್ ಸ್ಟೈಲ್ ಅಂದೆ. ನನಗೆ ಸರಿಯಾಗಿಯೇ ಕಾಣುತ್ತಿದೆ. ಜಗಳವಾಡಲು ತ್ರಾಣವಿರಲಿಲ್ಲ, ಬೆಳಿಗ್ಗೆ ಹೊತ್ತು ತಲೆ ಭಾರ. ಮಧ್ಯಾಹ್ನ ಮಲಗಿದರೆ ಸಂಜೆಗೇ ಏಳುವುದು. ಊಟಕ್ಕೂ ಟೈಲರ ತಕರಾರು, ತಟ್ಟೆಯಲ್ಲಿ ಅರ್ಧ ಬಿಡುತ್ತೀರಿ ಅಂತ. ನಾನು ಪೂರ್ತಿ ತಿಂದೇ ಏಳುತ್ತೇನೆ. ವಯಸ್ಸಾದ ಮೇಲೆ ಎಲ್ಲರೂ ಒಬ್ಬೊಬ್ಬ ಹೆಡ್‌ಮಾಸ್ಟರು.

ಊಟ ಆಯ್ತಾ?

ಅಪ್ಪ


ಮೇ ೧
ವಾರ್ಡ್ ಮೂರು, ನಿನ್ನ ಮಂಚದ ಪಕ್ಕದ ಸ್ಟೂಲಿನಿಂದ

ಅಪ್ಪಾ,

ನೀನು ಏಳುವ ಹೊತ್ತಿಗೆ ನಾನು ಕೆಳಗೆ ಡ್ಯೂಟಿಯಲ್ಲಿರುತ್ತೇನೆ. ಎದುರುಬದುರು ಕೂತರೂ ನಾವು 'ಊಟ ಆಯ್ತಾ' ಅಂದುಕೊಂಡು ಮುಗಿಸುತ್ತೇವೆ. ಅದಕ್ಕೇ ಬರೆದು ದಿಂಬಿನ ಕೆಳಗಿಡುತ್ತಿದ್ದೇನೆ. ಇದು ನಾಲ್ಕನೇ ಕೇಸು. ಈ ಸಲ ಉತ್ತರ ಸಹಿತ.

ಗಂಡಸು, ವಯಸ್ಸು ಅರವತ್ತೆಂಟು, ಬೋರ್ಡು ಬರೆಯುವ ಕಸುಬು. ತನಗೆ ಏನೂ ಆಗಿಲ್ಲ ಅನ್ನುವುದು ಇವರ ಮುಖ್ಯ ದೂರು.

ನಿನ್ನ ಇಪ್ಪತ್ತಾರನೇ ತಾರೀಖಿನ ಕಾಗದ ಬಂದದ್ದು ಡ್ಯೂಟಿ ರೂಮಿಗೆ. ಓದಿ ಮೊದಲು ಸಿಟ್ಟು ಬಂತು, ನನ್ನ ಅಕ್ಷರಕ್ಕೆ ಬೈದಿದ್ದೀಯಲ್ಲ ಅಂತ. ಮಡಿಚಿಡುವಾಗ ಏನೋ ಚುಚ್ಚಿತು. ಹಾಳೆಯ ಎಡಗಡೆ ಒಂದು ಅಂಗೈಯಷ್ಟು ಜಾಗ ಖಾಲಿ. ಎರಡು ಬೆರಳಿಗಿಂತ ಒಂದು ನೂಲೂ ಹೆಚ್ಚು ಬಿಡುವವನಲ್ಲ ನೀನು. ನಿನ್ನ ನಾಲ್ಕೂ ಕಾಗದ ತೆಗೆದು ತಾರೀಖಿನ ಪ್ರಕಾರ ಗೋಡೆಗೆ ಅಂಟಿಸಿದೆ. ಹತ್ತಿರ ನಿಂತರೆ ಪ್ರತಿಯೊಂದು ಅಕ್ಷರವೂ ಮುತ್ತು. ಹತ್ತು ಹೆಜ್ಜೆ ಹಿಂದೆ ಹೋಗೋಣ ಅಂದರೆ ರೂಮಿರುವುದೇ ಎಂಟು ಹೆಜ್ಜೆ. ಬಾಗಿಲು ತೆಗೆದು ಕಾರಿಡಾರಿಗೆ ಹೋಗಿ ನಿಂತೆ. ದೊಡ್ಡ ಡಾಕ್ಟರು ಟೀ ಲೋಟ ಹಿಡಿದು ಬರುತ್ತಿದ್ದರು.

'ಏನಮ್ಮಾ, ಗೋಡೆಗೆ ಯಾರ ಕಾಗದ?'

'ಅಪ್ಪಂದು ಸಾರ್.'

'ಹತ್ತಿರ ಹೋಗಿ ಓದಬಾರದಾ?'

'ಓದೋಕಲ್ಲ ಸಾರ್, ನೋಡೋಕೆ.'

ಅವರೂ ನನ್ನ ಪಕ್ಕ ನಿಂತು ನೋಡಿದರು. ಎರಡು ಬೆರಳು, ಎರಡು ಬೆರಳು, ನಾಲ್ಕು ಬೆರಳು, ಅಂಗೈ. ಟೀ ಕುಡಿಯುವುದು ಬಿಟ್ಟರು.

'ತಲೆಗೆ ಏಟು?'

'ಆರು ವಾರದ ಹಿಂದೆ ಅಟ್ಟದ ಮುಚ್ಚಳ ಬಿತ್ತು, ಬಲಗಡೆಗೆ. ರಕ್ತ ತೆಳು ಮಾಡೋ ಮಾತ್ರೆ ದಿನಾ ತಗೋತಾರೆ. ಎಡಗಾಲಿನ ಚಪ್ಪಲಿ ಜಾರೋದು ಗೊತ್ತಾಗಲ್ಲ, ತಟ್ಟೇಲಿ ಎಡಗಡೆ ಊಟ ಹಾಗೇ ಬಿಡ್ತಾರೆ, ನನ್ನ ವಾಕ್ಯದ ಮೊದಲ ಅರ್ಧ ಅವರಿಗೆ ಕಾಣಲ್ಲ.'

'ಅಂದ್ರೆ?'

'ತಲೆಬುರುಡೆ ಒಳಗೆ ಬಲಗಡೆ ನಿಧಾನವಾಗಿ ರಕ್ತ ಸೇರ್ಕೊಂಡು ಮಿದುಳನ್ನ ಒತ್ತುತ್ತಿದೆ ಸಾರ್. ಅವರಿಗೆ ಎಡಗಡೆ ಅನ್ನೋದೇ ಇಲ್ಲದ ಹಾಗೆ ಆಗಿದೆ. ಗಾಯಾನೂ ಕಾಣಲ್ಲ, ನೋವೂ ಜೋರಿಲ್ಲ, ಅವರೇ ಬಂದು ಹೇಳೋದೂ ಇಲ್ಲ.'

'ಮತ್ತೆ ಇಲ್ಲೇ ಯಾಕೆ ನಿಂತಿದ್ದೀಯ?' ಅಂದರು.

ಟೈಲರ್ ಅಂಕಲ್ಲಿಗೆ ಫೋನ್ ಮಾಡಿದೆ. 'ಬರಲ್ಲ ಅಂದ್ರೆ ಏನು ಮಾಡಲಮ್ಮ? ನಿಮ್ಮಪ್ಪನ ಹಟ ನಿಂಗೆ ಗೊತ್ತಲ್ಲ' ಅಂದರು. 'ಆಸ್ಪತ್ರೆ ಬೋರ್ಡು ಬರೆಯೋಕೆ ಕರೀತಿದಾರೆ ಅನ್ನಿ' ಅಂದೆ. ಎರಡು ಗಂಟೆಯೊಳಗೆ ಅವರ ಜೊತೆ ನೀನು ಟ್ಯಾಕ್ಸಿಯಿಂದ ಇಳಿದೆ. ಕೈಯಲ್ಲಿ ಬ್ರಶ್ಶಿನ ಡಬ್ಬಿ, ಹೆಗಲಿಗೆ ದಾರದ ಉಂಡೆ, ಕಾಲಲ್ಲಿ ಒಂದೇ ಚಪ್ಪಲಿ. ಬಾಗಿಲ ಮೇಲಿನ 'ತುರ್ತು ಚಿಕಿತ್ಸಾ ವಿಭಾಗ' ಅನ್ನುವ ಬೋರ್ಡು ತೋರಿಸಿ ಓದು ಅಂದೆ. ನೀನು ಕಸುಬಿನವನ ಗತ್ತಿನಲ್ಲಿ ನೋಡಿ 'ಚಿಕಿತ್ಸಾ ವಿಭಾಗ. ಅಕ್ಷರ ಪರವಾಗಿಲ್ಲ' ಅಂದೆ. ದೊಡ್ಡ ಡಾಕ್ಟರು ನನ್ನ ಮುಖ ನೋಡಿದರು. ಸ್ಕ್ಯಾನಿನಲ್ಲಿ ನಾನು ಹೇಳಿದ ಜಾಗದಲ್ಲೇ, ಬಲಗಡೆ, ಎರಡು ಬೆರಳು ದಪ್ಪ ರಕ್ತ.

ರಕ್ತ ಹೆಪ್ಪುಗಟ್ಟುವುದಕ್ಕೆ ಮದ್ದು ಕೊಟ್ಟು, ತಲೆಬುರುಡೆಗೆ ಎರಡು ಸಣ್ಣ ತೂತು ಕೊರೆದು ಸೇರಿದ್ದ ರಕ್ತ ತೆಗೆದರು, ಹಳೆಯ ಇಂಜಿನ್ ಆಯಿಲಿನ ಹಾಗಿತ್ತು. ನಿನ್ನೆ ಸಂಜೆ ನೀನು ಕಣ್ಣು ಬಿಟ್ಟು, ನಿನ್ನ ಎಡಗಡೆ ನಿಂತಿದ್ದ ನನ್ನನ್ನು ನೋಡಿ 'ಬೋರ್ಡು ಎಲ್ಲಿ' ಅಂದೆ. ನಾನು ಹೊರಗೆ ಹೋಗಿ ಲಿಫ್ಟಿನ ಪಕ್ಕ ನಿಂತು ಒಂದಷ್ಟು ಹೊತ್ತು ಅತ್ತೆ. ಟೈಲರ್ ಅಂಕಲ್ ಕರ್ಚೀಫು ಕೊಟ್ಟರು, ಅಂಚು ಅವರೇ ಹೊಲಿದದ್ದಂತೆ.

ಬರೆಯಲು ಬೇರೆ ಹಾಳೆ ಸಿಗಲಿಲ್ಲ, ಡ್ರಾಯರಿನಲ್ಲಿದ್ದದ್ದರ ಹಿಂಬದಿಯಲ್ಲೇ ಬರೆದಿದ್ದೇನೆ. ಒಂದು ಬದಿ ಖಾಲಿ ಇತ್ತು, ಸುಮ್ಮನೆ ಯಾಕೆ ಹಾಳುಮಾಡುವುದು.

ನಿನ್ನ ಎಡಗಡೆ ನಿಂತಿರುವ,
ಪುಟ್ಟಿ


ಜೂನ್ ೨

ಪ್ರೀತಿಯ ಪುಟ್ಟಿ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಹಾಳೆಯ ಎರಡೂ ಬದಿ ಓದಿದೆ. ಹಿಂಬದಿಯನ್ನು ಎಷ್ಟು ಸಲ ಅಂತ ಹೇಳುವುದಿಲ್ಲ. ಮುಂಬದಿಯಲ್ಲಿ ಚರ್ಮದ ವಿಭಾಗ ಅಂತ ಅಚ್ಚಾಗಿದೆ, ಕೆಳಗೆ ಸಹಿಯ ಜಾಗ ಖಾಲಿ ಇದೆ. ಅದು ಖಾಲಿ ಇರುವುದು ನನ್ನ ಕಣ್ಣಿನ ದೋಷ ಅಲ್ಲವಲ್ಲ? ಟೈಲರನ್ನೂ ಕರೆದು ತೋರಿಸಿದೆ. ಅವರಿಗೂ ಖಾಲಿಯೇ ಕಂಡಿತು. ಆ ಹಾಳೆಯನ್ನು ನಿನ್ನಮ್ಮನ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಟ್ರಂಕು ಈಗ ಮಂಚದ ಕೆಳಗಿದೆ. ಅಟ್ಟಕ್ಕೆ ಬೀಗ ಹಾಕಿ ಕೀಲಿಯನ್ನು ಟೈಲರ್ ಇಟ್ಟುಕೊಂಡಿದ್ದಾರೆ, ನನ್ನನ್ನು ನಂಬದೆ.

ನಿನ್ನ ಮೂರನೇ ಕೇಸನ್ನು ತೆಗೆದು ಓದಿದೆ. ಎಲ್ಲ ವಾಕ್ಯಕ್ಕೂ ಮೊದಲರ್ಧ ಇದೆ. ಜೇನು ಕಚ್ಚಿದ ಸಂಗೀತದ ಮೇಡಮ್ಮು. ಕೈಗೆ ಕಚ್ಚಿದರೆ ತುಟಿ ಯಾಕೆ ಊದಿತು ಅನ್ನುವುದು ಪ್ರಶ್ನೆ. ಎಷ್ಟು ಸೊಗಸಾಗಿ ಬರೆದಿದ್ದೀ, ನಾನು ಸುಮ್ಮನೆ ಬೈದೆ. ಕೋಳಿ ಕೆದಕಿದ್ದು ಅಂದದ್ದನ್ನು ಮಾತ್ರ ವಾಪಸು ತೆಗೆದುಕೊಳ್ಳುವುದಿಲ್ಲ.

ಟೈಲರ ಬೋರ್ಡು ಸರಿಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾರೆ. 'ಇದ್ದ ಹಾಗೇ ಇರ್ಲಿ ಪೇಂಟ್ರೇ, ಹೋಗೋ ಬರೋರೆಲ್ಲ ನಿಂತು ಏನಿದು ಅಂತ ಕೇಳ್ತಾರೆ. ಕಥೆ ಮುಗಿಸೋ ಹೊತ್ತಿಗೆ ಒಂದು ಅಳತೆ ಕೊಟ್ಟೇ ಹೋಗ್ತಾರೆ.' ಕಥೆಯಲ್ಲಿ ಕಾಲರ್ ಕೇಸೂ ಬರುತ್ತದೆ. ಮೊನ್ನೆ ಕಿವಿಗೊಟ್ಟು ಕೇಳಿದೆ, ನನ್ನ ತಲೆಗೆ ತೂತು ಕೊರೆಯುವ ಹೊತ್ತಿಗೆ ಅವರೂ ಆಪರೇಷನ್ ರೂಮಿನಲ್ಲಿದ್ದರಂತೆ.

ದವಡೆಯ ಹೆಂಗಸು ನಿನ್ನನ್ನು ನೋಡಲು ಬಂದಿದ್ದರು ಅಂತ ಮೊನ್ನೆಯ ಕಾಗದದಲ್ಲಿ ಒಂದೇ ಸಾಲು ಬರೆದಿದ್ದೀ. ಆಕೆ ಏನಂದರು, ನೀನು ಏನಂದೆ, ಬರೆದಿಲ್ಲ. ಶಾಯಿ ಹರಡಿಲ್ಲ. ಅಷ್ಟು ಸಾಕು.

ಈಗ ನನ್ನ ದೂರು. ಐ ಬೆಗ್ ಟು ಸ್ಟೇಟ್: ಬೋರ್ಡು ಬರೆಯಬೇಕು ಅಂತ ನನ್ನನ್ನು ಕರೆಸಿ, ಅದರ ಬದಲು ತಲೆ ಬೋಳಿಸಿ ಕಳಿಸಿದ್ದೀರಿ. ಐವತ್ತು ವರ್ಷದಲ್ಲಿ ಒಪ್ಪಿಕೊಂಡ ಕೆಲಸ ಮಾಡದೆ ನಾನು ಯಾವ ಬಾಗಿಲಿನಿಂದಲೂ ವಾಪಸು ಬಂದವನಲ್ಲ. ನಿಮ್ಮ ದೊಡ್ಡ ಡಾಕ್ಟರಿಗೆ ಹಾಗೆಯೇ ಬರೆದೆ. ಅವರ ಉತ್ತರ ಇವತ್ತು ಬಂತು, ಒಂದೇ ವಾಕ್ಯ: 'ಸೋಮವಾರ ಬನ್ನಿ, ಏಣಿ ಮುಟ್ಟಕೂಡದು.' ಟೈಲರ್ ಫೋನ್ ಮಾಡಿ ಕೇಳಿದ್ದಕ್ಕೆ, ಬೋರ್ಡನ್ನು ಎರಡು ಸ್ಟೂಲಿನ ಮೇಲೆ ಇಳಿಸಿಕೊಡುತ್ತಾರಂತೆ. ಹೋದ ಸಲ ನಾನು ನುಂಗಿಬಿಟ್ಟ 'ತುರ್ತು' ಅನ್ನುವುದನ್ನು ಈ ಸಲ ಕೆಂಪಿನಲ್ಲಿ, ಉಳಿದವಕ್ಕಿಂತ ಒಂದು ಅಂಗುಲ ಎತ್ತರವಾಗಿ ಬರೆಯುತ್ತೇನೆ. ಅಂಚು ಎರಡೂ ಕಡೆ ಸಮ. ಬೇಕಾದರೆ ರಸ್ತೆಯ ಆಚೆ ನಿಂತು ನೋಡಿ ಹೇಳುವಿಯಂತೆ.

ಹನ್ನೊಂದು ಗಂಟೆಗೆ ಅರ್ಧ ಗಂಟೆ ಬಿಡುವು ಕೇಳಿಕೋ. ಕೆಂಪು ಬಣ್ಣ ತಂದಾಗಿದೆ, ಎರಡು ಕಾಲಿಗೂ ಹೊಸ ಚಪ್ಪಲಿ ತಂದಾಗಿದೆ, ದಾರಕ್ಕೆ ಸುಣ್ಣ ಬಳಿದಾಗಿದೆ. ಬಲ ತುದಿ ನಾನು ಹಿಡಿಯುತ್ತೇನೆ. ಎಡ ತುದಿ ನಿನ್ನದು.

ಸೋಮವಾರ ಬರುವ,
ಅಪ್ಪ